ಹೆಣ್ಣಿನ ಹೃದಯ, ಗಂಡಿನ ಹೃದಯ: ರಕ್ತನಾಳಗಳ ಆರೋಗ್ಯದಲ್ಲಿರುವ ಭೇದ

(ಸಿಡ್ನಿ ಮತ್ತು ಮೆಲ್ಬರ್ನ್ ನಗರಗಳ ಕನ್ನಡ ಬಂಧುಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ವೈದ್ಯರನ್ನು ವೇದಿಕೆಗೆ ಕರೆದಾಗಲೆಲ್ಲ, ಊಟಕ್ಕೆ ಮೊದಲು ಹೋಳಿಗೆ ತುಪ್ಪದ ಮೇಲೆ ದಂಡೆತ್ತಿ ಬಂದಾರೆಂಬ ಆತಂಕ ಸಭಿಕರಲ್ಲಿ ಮೂಡುವುದು ಸಹಜ. ಆ ಆತಂಕವನ್ನು ಮೊದಲಿಗೇ ಪರಿಹರಿಸಿಬಿಡುತ್ತೇನೆ. ಇಂದು ನಾನು ಆಯ್ದುಕೊಂಡಿರುವ ವಿಷಯ ಬೇರೆ. ಸ್ತ್ರೀಯರ ರಕ್ತನಾಳಗಳಿಗೂ ಪುರುಷರ ರಕ್ತನಾಳಗಳಿಗೂ ಭೇದವಿದೆಯೆ? ಇದ್ದರೆ ಅದರಿಂದ ಹೃದ್ರೋಗದ ಅಪಾಯ ಯಾರಿಗೆ, ಯಾವಾಗ, ಯಾವ ರೂಪದಲ್ಲಿ ಒದಗುತ್ತದೆ? ಈ ದೇಶದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಅದನ್ನು ತಿಳಿದು ಮಾಡಬೇಕಾದುದೇನು? ಈ ಮೂರು ಪ್ರಶ್ನೆಗಳಿಗೆ ಕ್ರಮವಾಗಿ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಹೃದಯಾಘಾತವೆಂಬುದು ಗಂಡಸರ ಕಾಯಿಲೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿ ಬೇರೂರಿದೆ. ಯಜಮಾನರು ಎದೆ ಹಿಡಿದುಕೊಂಡರೆ ಮನೆಮಂದಿಯೆಲ್ಲ ಕಾರು ಹತ್ತಿ ಆಸ್ಪತ್ರೆಗೆ ಧಾವಿಸುತ್ತಾರೆ. ಅದೇ ನೋವು ಗೃಹಿಣಿಗೆ ಬಂದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಓಮದ ನೀರು ಕುಡಿದು, ಮರುದಿನದ ಕೆಲಸಕ್ಕೆ ಅಣಿಯಾಗುತ್ತಾರೆ. ಆದರೆ ಆಸ್ಟ್ರೇಲಿಯಾದಲ್ಲಿ ಸ್ತನ ಕ್ಯಾನ್ಸರಿಗೆ ಬಲಿಯಾಗುವ ಮಹಿಳೆಯರಿಗಿಂತ ಹೃದಯದ ಧಮನಿಗಳ ರೋಗಕ್ಕೆ ಬಲಿಯಾಗುವವರ ಸಂಖ್ಯೆಯೇ ಹೆಚ್ಚು. ನಮ್ಮ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವು ಅಪಾಯಕರ.

ನಂಬಿಕೆ ಹುಟ್ಟಿದ ಬಗೆ

ಈ ತಪ್ಪು ತಿಳಿವಳಿಕೆಗೆ ಮನೆಯವರನ್ನಷ್ಟೇ ಹೊಣೆಯಾಗಿಸುವುದು ನ್ಯಾಯವಲ್ಲ. ವೈದ್ಯಶಾಸ್ತ್ರದ ಪಾಲೂ ಇದರಲ್ಲಿದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಪ್ರಾರಂಭವಾದ ಸುಪ್ರಸಿದ್ಧ ಅಧ್ಯಯನವು 5,209 ಮಂದಿ ಸ್ತ್ರೀಪುರುಷರನ್ನು ದಶಕಗಳ ಕಾಲ ಹಿಂಬಾಲಿಸಿತು. ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನಗಳು ಹೃದ್ರೋಗಕ್ಕೆ ಕಾರಣವೆಂದು ಜಗತ್ತಿಗೆ ತಿಳಿದುದು ಮುಖ್ಯವಾಗಿ ಅಲ್ಲಿಂದಲೇ. ಆದರೆ ಸ್ತ್ರೀಯರಲ್ಲಿ ಎದೆನೋವು ಅಷ್ಟೇನೂ ಅಪಾಯಕರವಲ್ಲವೆಂಬ ಅಭಿಪ್ರಾಯಕ್ಕೆ ಪುಷ್ಟಿ ದೊರೆತುದೂ ಅದರ ಆರಂಭದ ವರದಿಗಳಿಂದಲೇ. 1964ರಲ್ಲಿ ಅಮೆರಿಕದ ಆರಿಗನ್ ರಾಜ್ಯದಲ್ಲಿ ಹೃದ್ರೋಗವನ್ನು ಕುರಿತು ಮಹಿಳೆಯರಿಗಾಗಿಯೇ ಒಂದು ದೊಡ್ಡ ಸಮ್ಮೇಳನ ಏರ್ಪಾಟಾಯಿತು. ಅದರ ಹೆಸರು ‘ಹೃದಯಗಳು ಮತ್ತು ಗಂಡಂದಿರು’. ನೆರೆದ ಮಹಿಳೆಯರಿಗೆ ಅಲ್ಲಿ ಬೋಧಿಸಿದ ವಿಷಯ, ಗಂಡನ ಹೃದಯವನ್ನು ಕಾಪಾಡುವುದು ಹೇಗೆ ಎಂಬುದು!

ನಾವು ಎಂ.ಬಿ.ಬಿ.ಎಸ್. ಓದುವ ಕಾಲಕ್ಕೂ ಪರಿಸ್ಥಿತಿ ಬಹಳ ಬದಲಾಗಿರಲಿಲ್ಲ. ವೈದ್ಯರೂ ಚಿತ್ರಕಾರರೂ ಆಗಿದ್ದ ಫ್ರಾಂಕ್ ನೆಟ್ಟರ್ ಅವರು ಬಿಡಿಸಿದ ಎದೆನೋವಿನ ಚಿತ್ರ ನಮ್ಮೆಲ್ಲರ ಕಣ್ಣಿನಲ್ಲಿ ಅಚ್ಚೊತ್ತಿತ್ತು: ಚಳಿಯಲ್ಲಿ ಹೊರಗೆ ಬಂದು, ಕೋಟಿನ ಮೇಲೆ ಎದೆಯನ್ನು ಅದುಮಿ ಹಿಡಿದ ನಡುವಯಸ್ಸಿನ ಗಂಡಸು. ಆಸ್ಪಿರಿನ್ ಹೃದಯಾಘಾತವನ್ನು ತಡೆಯಬಲ್ಲುದೆಂದು 1989ರಲ್ಲಿ ಸಾರಿದ ಅಮೆರಿಕದ ಪರೀಕ್ಷೆಯಲ್ಲಿ ಭಾಗವಹಿಸಿದವರು 22,071 ವೈದ್ಯರು. ಅವರಲ್ಲಿ ಒಬ್ಬರೂ ಮಹಿಳೆಯರಿರಲಿಲ್ಲ. ಮುಂದೆ ಸುಮಾರು ನಲವತ್ತು ಸಾವಿರ ಮಹಿಳೆಯರ ಮೇಲೆ ಅಂಥದೇ ಪರೀಕ್ಷೆ ನಡೆದು, 2005ರಲ್ಲಿ ಫಲಿತಾಂಶ ಬಂದಾಗ ಕಂಡುದೇ ಬೇರೆ. ಆಸ್ಪಿರಿನ್ನಿನಿಂದ ಪಾರ್ಶ್ವವಾಯು ಸ್ವಲ್ಪ ಕಡಿಮೆಯಾಗಿತ್ತು. ಒಟ್ಟಿನಲ್ಲಿ ಮೊದಲ ಹೃದಯಾಘಾತ ಕಡಿಮೆಯಾಗಿರಲಿಲ್ಲ. ಗಂಡಸರ ಅಳತೆಗೆ ಹೊಲಿದ ಅಂಗಿ ಹೆಂಗಸರಿಗೂ ಒಪ್ಪುತ್ತದೆಂದು ಊಹಿಸುವುದು ತಪ್ಪೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. (ಹೃದ್ರೋಗವಿಲ್ಲದವರು ತಾವಾಗಿಯೇ ದಿನವೂ ಆಸ್ಪಿರಿನ್ ನುಂಗುವುದನ್ನು ಇಂದು ಗಂಡಸರಿಗೂ ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ.)

1991ರಲ್ಲಿ ಹೃದ್ರೋಗತಜ್ಞೆ ಬರ್ನಡೀನ್ ಹೀಲಿ ಅವರು ಈ ಧೋರಣೆಗೆ ‘ಯೆಂಟಲ್ ಲಕ್ಷಣ’ವೆಂದು ಹೆಸರಿಟ್ಟರು. ಯೆಂಟಲ್ ಎಂಬುವಳು ಐಸಾಕ್ ಸಿಂಗರರ ಕಥೆಯ ಯಹೂದಿ ಹುಡುಗಿ. ಶಾಸ್ತ್ರಾಧ್ಯಯನ ಮಾಡುವ ಆಸೆಯಿಂದ ಗಂಡುವೇಷ ಧರಿಸಿದವಳು. ಹೆಣ್ಣು ತನ್ನ ಕಾಯಿಲೆ ಗಂಡಿನ ಕಾಯಿಲೆಯಂತೆಯೇ ಇದೆಯೆಂದು ರುಜುವಾತುಪಡಿಸುವವರೆಗೆ ಆಕೆಗೆ ಸಮನಾದ ಚಿಕಿತ್ಸೆ ದೊರೆಯುವುದಿಲ್ಲವೆಂಬುದು ಹೀಲಿಯವರ ಆಕ್ಷೇಪವಾಗಿತ್ತು.

ರಕ್ತನಾಳವು ಬರಿಯ ಕೊಳವೆಯಲ್ಲ

ಈಗ ಭೇದವೆಲ್ಲಿದೆ ಎಂಬುದನ್ನು ನೋಡೋಣ. ರಕ್ತನಾಳವೆಂದರೆ ನಲ್ಲಿಯ ಕೊಳವೆಯಂಥದು, ಕಾಲಕ್ರಮೇಣ ಒಳಗೆ ಜಿಡ್ಡು ಕಟ್ಟುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ರಕ್ತನಾಳ ಒಂದು ಜೀವಂತ ಅಂಗ. ಅದರ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರವಿದೆ. ಅದನ್ನು ಎಂಡೊಥೀಲಿಯಂ ಎನ್ನುತ್ತೇವೆ. ಈ ಪದರ ಕೇವಲ ಹೊದಿಕೆಯಲ್ಲವೆಂಬುದನ್ನು 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಅವರು ಮೊಲದ ಮಹಾಧಮನಿಯ ಮೇಲೆ ಮಾಡಿದ ಪ್ರಯೋಗದಿಂದ ತೋರಿಸಿಕೊಟ್ಟರು. ಒಳಪದರ ಅಖಂಡವಾಗಿದ್ದರೆ ಔಷಧ ತಗುಲಿದೊಡನೆ ನಾಳ ಸಡಿಲವಾಗಿ ಹಿಗ್ಗುತ್ತಿತ್ತು; ಒಳಪದರವನ್ನು ಉಜ್ಜಿ ತೆಗೆದಿದ್ದರೆ ಹಿಗ್ಗುತ್ತಿರಲಿಲ್ಲ. ಒಳಪದರ ಹೊರಸೂಸುವ ಆ ಹಿಗ್ಗಿಸುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ತಿಳಿದುಬಂದಿತು. ಈ ಶೋಧಕ್ಕಾಗಿ ಫರ್ಚ್‌ಗಾಟ್, ಇಗ್ನಾರೊ, ಮ್ಯುರಾಡ್ ಈ ಮೂವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ನೈಟ್ರಿಕ್ ಆಕ್ಸೈಡ್ ನಾಳವನ್ನು ಹಿಗ್ಗಿಸುವುದಲ್ಲದೆ, ರಕ್ತ ಹೆಪ್ಪುಗಟ್ಟದಂತೆಯೂ ಗೋಡೆಯಲ್ಲಿ ಜಿಡ್ಡು ಸೇರದಂತೆಯೂ ಕಾಪಾಡುತ್ತದೆ. ಸ್ತ್ರೀಯರ ಈಸ್ಟ್ರೊಜೆನ್ ಹಾರ್ಮೋನು ಈ ಅನಿಲದ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಒಳ್ಳೆಯ ಕೊಲೆಸ್ಟರಾಲನ್ನು ಏರಿಸಿ, ಕೆಟ್ಟದ್ದನ್ನು ಇಳಿಸುತ್ತದೆ. ಆದುದರಿಂದ ಮುಟ್ಟು ನಿಲ್ಲುವವರೆಗೆ ಹೆಣ್ಣಿನ ಧಮನಿಗಳಿಗೆ ಪ್ರಕೃತಿಯೇ ಒಂದು ಕಾವಲನ್ನು ಇರಿಸಿದೆ. ನಾನು ಹೇಳಿದ ಅರ್ಧ ಸತ್ಯ ಇದೇ. ಐವತ್ತೆರಡು ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ಮೊದಲ ಹೃದಯಾಘಾತ ಪುರುಷರಿಗಿಂತ ಸ್ತ್ರೀಯರಲ್ಲಿ ಸುಮಾರು ಒಂಬತ್ತು ವರ್ಷ ತಡವಾಗಿ ಕಂಡಿತು. ಅದರ ಮುಖ್ಯ ಸಂಶೋಧಕರಾದ ಡಾ. ಸಲೀಂ ಯೂಸುಫ್ ಅವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರೆಂಬುದು ನಮಗೆ ಹೆಮ್ಮೆಯ ಸಂಗತಿ.

ಅದೇ ಅಧ್ಯಯನ ನಮ್ಮ ಗಂಡಸರು ಮರೆಯಬಾರದ ಮಾತೊಂದನ್ನೂ ಹೇಳಿತು. ಭಾರತ ಮತ್ತು ಅದರ ನೆರೆಯ ದೇಶಗಳವರಲ್ಲಿ ಮೊದಲ ಆಘಾತ ಸರಾಸರಿ 53ನೆಯ ವಯಸ್ಸಿಗೇ ಬಂದರೆ, ಉಳಿದ ದೇಶಗಳವರಲ್ಲಿ ಸುಮಾರು 59ಕ್ಕೆ ಬಂದಿತ್ತು. ಈಸ್ಟ್ರೊಜೆನ್ನಿನ ಕಾವಲಿಲ್ಲದ ಗಂಡಸಿಗೆ ಹೊಟ್ಟೆಯ ಬೊಜ್ಜು, ಕಡಿಮೆ ಒಳ್ಳೆಯ ಕೊಲೆಸ್ಟರಾಲ್, ಧೂಮಪಾನಗಳು ಸೇರಿದರೆ ನಲವತ್ತರ ಹರೆಯವೂ ಚಿಕ್ಕದಲ್ಲ. 2021ರ ಅಕ್ಟೋಬರ್ 29ರಂದು 46ರ ವಯಸ್ಸಿನ ಪುನೀತ್ ರಾಜ್‌ಕುಮಾರ್ ಅವರು ಹೃದಯಾಘಾತದಿಂದ ತೀರಿಕೊಂಡಾಗ ಕನ್ನಡ ನಾಡೇ ಬೆಚ್ಚಿತು; ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತರು. ಇಲ್ಲಿಯೂ ನಮ್ಮಲ್ಲಿ ಹಲವರು ಆ ವಾರವೇ ವೈದ್ಯರನ್ನು ಕಂಡರು. ಅದು ಒಳ್ಳೆಯದೇ ಆಯಿತು. ಆದರೆ ಅಂದು ಹೆಂಡತಿಯನ್ನೂ, ತಾಯಿಯನ್ನೂ ಜೊತೆಗೆ ಕರೆದೊಯ್ದವರು ನಮ್ಮಲ್ಲಿ ಎಷ್ಟು ಮಂದಿ ಎಂಬುದನ್ನು ನಿಮ್ಮ ನಿಮ್ಮಲ್ಲಿಯೇ ಕೇಳಿಕೊಳ್ಳಿರಿ.

ನಾಲೆಯಲ್ಲಿ ನೀರಿದ್ದರೂ ಗದ್ದೆ ಒಣಗುವುದು

ಭೇದ ಕೇವಲ ಒಂಬತ್ತು ವರ್ಷಗಳ ಅಂತರದ್ದಾಗಿದ್ದರೆ ಈ ಉಪನ್ಯಾಸವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ರೋಗದ ರೂಪದಲ್ಲಿಯೂ ಭೇದವಿದೆ. ಮಂಡ್ಯದ ಕಡೆಯವರಿಗೆ ವಿಶ್ವೇಶ್ವರಯ್ಯ ನಾಲೆಯ ಪರಿಚಯವುಂಟಷ್ಟೆ. ದೊಡ್ಡ ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ, ಗದ್ದೆಯಂಚಿನ ಸಣ್ಣ ಕಾಲುವೆಗಳು ಹೂಳು ತುಂಬಿ ಕಟ್ಟಿಕೊಂಡರೆ ಪೈರು ಒಣಗುತ್ತದೆ. ಹೃದಯಕ್ಕೂ ಹೀಗೆಯೇ ದೊಡ್ಡ ಧಮನಿಗಳೂ ಅವುಗಳಿಂದ ಕವಲೊಡೆದ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ನಾಳಗಳೂ ಇವೆ. ಗಂಡಸರಲ್ಲಿ ಸಾಮಾನ್ಯವಾಗಿ ದೊಡ್ಡ ನಾಲೆಯೇ ಒಂದೆಡೆ ಜಿಡ್ಡು ಕಟ್ಟಿ ಕಿರಿದಾಗುತ್ತದೆ. ಆಂಜಿಯೋಗ್ರಾಮಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಹೆಂಗಸರಲ್ಲಿ ದೊಡ್ಡ ಧಮನಿಗಳು ಮೊದಲೇ ಗಂಡಸರವುಗಳಿಗಿಂತ ಸಣ್ಣವು. ಅದರ ಜೊತೆಗೆ, ಎಷ್ಟೋ ಬಾರಿ ತೊಂದರೆ ಇರುವುದು ಆಂಜಿಯೋಗ್ರಾಮಿನ ಕಣ್ಣಿಗೆ ಬೀಳದ ಸೂಕ್ಷ್ಮನಾಳಗಳಲ್ಲಿ. ಅವು ಬೇಕಾದಾಗ ಹಿಗ್ಗುವುದಿಲ್ಲ. ಮೆಟ್ಟಿಲು ಹತ್ತಿದಾಗ, ಮನಸ್ಸು ಕಲಕಿದಾಗ ಹೃದಯದ ಸ್ನಾಯುವಿಗೆ ರಕ್ತ ಸಾಲದಾಗುತ್ತದೆ.

‘ಆಂಜಿಯೋಗ್ರಾಮ್ ಚೆನ್ನಾಗಿದೆ, ನಿಮಗೇನೂ ಇಲ್ಲ, ಮನಸ್ಸಿನ ಕಳವಳ ಅಷ್ಟೆ’ ಎಂಬ ಮಾತನ್ನು ಕೇಳಿಸಿಕೊಂಡು ಮನೆಗೆ ಮರಳಿದ ಮಹಿಳೆಯರು ಅಸಂಖ್ಯ. ಅಮೆರಿಕದಲ್ಲಿ 1996ರಲ್ಲಿ ಮಹಿಳೆಯರಿಗಾಗಿಯೇ ಆರಂಭವಾದ ‘ವೈಸ್’ ಎಂಬ ಅಧ್ಯಯನ, ಇಂಥವರಲ್ಲಿ ಹಲವರಿಗೆ ಸೂಕ್ಷ್ಮನಾಳಗಳ ರೋಗ ನಿಜವಾಗಿಯೂ ಇದೆಯೆಂದೂ, ಮುಂದೆ ಹೃದಯಾಘಾತದ ಅಪಾಯವೂ ಹೆಚ್ಚೆಂದೂ ತೋರಿಸಿತು. ಆದುದರಿಂದ ಆಂಜಿಯೋಗ್ರಾಮಿನ ಬಳಿಕವೂ ನೋವು ಮರುಕಳಿಸಿದರೆ ಸುಮ್ಮನಿರಬೇಡಿ. ‘ಸೂಕ್ಷ್ಮನಾಳಗಳ ತೊಂದರೆ ಇರಬಹುದೆ?’ ಎಂದು ತಜ್ಞರನ್ನು ನೇರವಾಗಿ ಕೇಳಿರಿ.

ಮಹಿಳೆಯರಲ್ಲಿಯೇ ಹೆಚ್ಚಾಗಿ ಕಾಣುವ ಇನ್ನೆರಡು ಸ್ಥಿತಿಗಳನ್ನು ಹೆಸರಿಸಬೇಕು. ಮೊದಲನೆಯದು, ಧಮನಿಯ ಗೋಡೆಯ ಪದರಗಳು ಇದ್ದಕ್ಕಿದ್ದಂತೆ ಬಿಚ್ಚಿಕೊಂಡು ರಕ್ತದ ದಾರಿ ಮುಚ್ಚಿಹೋಗುವುದು. ಇದನ್ನು ‘ಸ್ಕ್ಯಾಡ್’ ಎನ್ನುತ್ತಾರೆ. ಇದಕ್ಕೆ ಒಳಗಾಗುವವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮಹಿಳೆಯರು. ಅನೇಕರು ಐವತ್ತರ ಒಳಗಿನವರು, ಕೆಲವರು ಬಾಣಂತಿಯರು. ಜಿಡ್ಡೂ ಇಲ್ಲ, ಬೊಜ್ಜೂ ಇಲ್ಲ, ಆದರೂ ಹೃದಯಾಘಾತ. ಇದನ್ನು ಕುರಿತು ಮಹತ್ತ್ವದ ಸಂಶೋಧನೆ ನಡೆಯುತ್ತಿರುವ ಕೇಂದ್ರಗಳಲ್ಲೊಂದು ಸಿಡ್ನಿಯ ವಿಕ್ಟರ್ ಚಾಂಗ್ ಹೃದಯ ಸಂಶೋಧನಾ ಸಂಸ್ಥೆ. ಎರಡನೆಯದು, ತೀವ್ರ ದುಃಖ ಅಥವಾ ಆಘಾತದ ಬಳಿಕ ಹೃದಯದ ತುದಿ ಬಲೂನಿನಂತೆ ಉಬ್ಬಿ ಶಕ್ತಿಗುಂದುವುದು. 1990ರಲ್ಲಿ ಜಪಾನಿನ ವೈದ್ಯರು ಅದಕ್ಕೆ ‘ಟಾಕೊಟ್ಸುಬೊ’ ಎಂದು, ಅಂದರೆ ಅಷ್ಟಪದಿಯನ್ನು ಹಿಡಿಯುವ ಮಡಕೆಯೆಂದು, ಆ ಆಕಾರದಿಂದ ಹೆಸರಿಟ್ಟರು. ಇದಕ್ಕೆ ತುತ್ತಾಗುವವರಲ್ಲಿ ಬಹುಪಾಲು ಮುಟ್ಟು ನಿಂತ ಮಹಿಳೆಯರು. ಎದೆಯೊಡೆದುಹೋಯಿತು ಎಂಬ ನಮ್ಮ ಆಡುಮಾತಿನಲ್ಲಿ ದೇಹಶಾಸ್ತ್ರದ ಅಂಶವೂ ಇದೆಯೆಂದಾಯಿತು.

ಒಂದೇ ಕಾರಣ, ಬೇರೆ ತೂಕ

ಸಕ್ಕರೆ ಕಾಯಿಲೆ, ಧೂಮಪಾನ, ರಕ್ತದೊತ್ತಡಗಳು ಇಬ್ಬರಿಗೂ ಶತ್ರುಗಳೇ. ಆದರೆ ಅವುಗಳ ಪೆಟ್ಟು ಇಬ್ಬರಿಗೂ ಒಂದೇ ತೂಕದ್ದಲ್ಲ. ಸಿಡ್ನಿಯ ಜಾರ್ಜ್ ಸಂಸ್ಥೆಯ ಮಾರ್ಕ್ ವುಡ್‌ವರ್ಡ್ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ಎಂಟೂವರೆ ಲಕ್ಷಕ್ಕೂ ಮಿಕ್ಕ ಜನರ ಅಂಕಿಅಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಸಕ್ಕರೆ ಕಾಯಿಲೆಯಿಂದ ಪುರುಷರಲ್ಲಿ ಹೃದ್ರೋಗದ ಅಪಾಯ ಸುಮಾರು ಎರಡು ಪಟ್ಟಿಗಿಂತ ತುಸು ಹೆಚ್ಚಾದರೆ, ಸ್ತ್ರೀಯರಲ್ಲಿ ಅದು ಮೂರು ಪಟ್ಟಿನ ಸಮೀಪಕ್ಕೆ ಏರಿತ್ತು. 2011ರಲ್ಲಿ ಪ್ರಕಟವಾದ ಇಂಥದೇ ಸಮೀಕ್ಷೆಯ ಪ್ರಕಾರ, ಧೂಮಪಾನದಿಂದ ಹೃದ್ರೋಗದ ಅಪಾಯ ಏರುವ ಪ್ರಮಾಣ ಹೆಂಗಸರಲ್ಲಿ ಗಂಡಸರಿಗಿಂತ ಶೇಕಡ 25ರಷ್ಟು ಹೆಚ್ಚು. ರಕ್ತದೊತ್ತಡವಂತೂ ಮೂವತ್ತರ ಆಸುಪಾಸಿನಿಂದಲೇ ಸ್ತ್ರೀಯರಲ್ಲಿ ಪುರುಷರಿಗಿಂತ ಕಡಿದಾಗಿ ಏರತೊಡಗುತ್ತದೆಂದು 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಇದರ ತಾತ್ಪರ್ಯವಿಷ್ಟೆ: ಸಕ್ಕರೆ ಕಾಯಿಲೆ ಬಂದ ಹೆಣ್ಣಿಗೆ ಪ್ರಕೃತಿಯಿತ್ತ ಆ ಒಂಬತ್ತು ವರ್ಷಗಳ ರಿಯಾಯಿತಿ ಬಹುಮಟ್ಟಿಗೆ ಕರಗಿಹೋಗುತ್ತದೆ. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ನಮ್ಮಂಥ ಸಮಾಜಕ್ಕೆ ಇದು ಲಘುವಾದ ಮಾತಲ್ಲ.

ಬಸಿರು ಮೊದಲೇ ನೀಡುವ ಎಚ್ಚರಿಕೆ

ಈಗ ನಾನು ಹೇಳಬೇಕೆಂದು ಬಂದ ಮಾತುಗಳಲ್ಲಿ ಅತಿ ಮುಖ್ಯವಾದುದಕ್ಕೆ ಬರುತ್ತೇನೆ. ಗಂಡಸಿನ ರಕ್ತನಾಳಗಳು ಹೇಗಿವೆಯೆಂದು ಇಪ್ಪತ್ತೆಂಟು ಮೂವತ್ತರ ವಯಸ್ಸಿನಲ್ಲಿ ತಿಳಿಯಲು ಸುಲಭವಾದ ಪರೀಕ್ಷೆಯಿಲ್ಲ. ಹೆಣ್ಣಿಗೆ ಅಂಥ ಪರೀಕ್ಷೆಯೊಂದನ್ನು ಪ್ರಕೃತಿಯೇ ನಡೆಸುತ್ತದೆ. ಅದೇ ಬಸಿರು. ಒಂಬತ್ತು ತಿಂಗಳು ಹೃದಯ ಮತ್ತು ರಕ್ತನಾಳಗಳು ಮಾಮೂಲಿಗಿಂತ ಬಹಳ ಹೆಚ್ಚು ರಕ್ತವನ್ನು ನಿರ್ವಹಿಸಬೇಕು. ಅದನ್ನು ತಾಳಲಾರದ ನಾಳಗಳು ಆಗಲೇ ತಮ್ಮ ದೌರ್ಬಲ್ಯವನ್ನು ತೋರಿಸಿಕೊಳ್ಳುತ್ತವೆ.

ಬಸಿರಿನಲ್ಲಿ ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನು ಹೋಗುವ ಗರ್ಭನಂಜು ಬಂದವರಿಗೆ ಮುಂದಿನ ಜೀವನದಲ್ಲಿ ಹೃದಯದ ಧಮನಿಗಳ ರೋಗದ ಅಪಾಯ ಸುಮಾರು ಎರಡು ಪಟ್ಟು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದವರಿಗೂ ಹೃದಯ ಮತ್ತು ರಕ್ತನಾಳಗಳ ರೋಗದ ಅಪಾಯ ಸುಮಾರು ಎರಡು ಪಟ್ಟು. ದಿನ ತುಂಬುವ ಮೊದಲೇ ಹೆರಿಗೆಯಾದವರಲ್ಲಿಯೂ ಅಪಾಯ ಹೆಚ್ಚು. ಹೆರಿಗೆಯ ಬಳಿಕ ಒತ್ತಡ, ಸಕ್ಕರೆಗಳು ಇಳಿದುಬಿಡುವುದರಿಂದ ‘ಅದೆಲ್ಲ ಬಸಿರಿನದು, ಮುಗಿಯಿತು’ ಎಂದು ಎಲ್ಲರೂ ಮರೆಯುತ್ತಾರೆ. ಆದರೆ ರಕ್ತನಾಳಗಳು ಮರೆಯುವುದಿಲ್ಲ.

ಈ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಮೈಸೂರಿನವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಅರಿಯದವರು ವಿರಳ. ಸಭೆಯಲ್ಲಿರುವ ಕೆಲವರು ಅಲ್ಲಿಯೇ ಹುಟ್ಟಿರಲೂಬಹುದು. ಆ ಆಸ್ಪತ್ರೆ 1934ರಿಂದಲೇ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸುತ್ತಮುತ್ತಲೇ ನೆಲೆಸಿದ್ದ 517 ಜನರನ್ನು ಪತ್ತೆ ಹಚ್ಚಿ ಪರೀಕ್ಷಿಸಿದ ವರದಿ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೃದ್ರೋಗ ಕಂಡುಬಂದವರು 25 ಪುರುಷರು, 27 ಸ್ತ್ರೀಯರು. ಹೃದ್ರೋಗ ಗಂಡಸರ ಕಾಯಿಲೆಯೆನ್ನುವವರು ಈ ಎರಡು ಅಂಕಿಗಳನ್ನು ಗಮನಿಸಬೇಕು. ಎರಡೂವರೆ ಕಿಲೋಗ್ರಾಮಿಗಿಂತ ಹೆಚ್ಚಿಲ್ಲದ ತೂಕದಿಂದ ಹುಟ್ಟಿದವರಲ್ಲಿ ಶೇಕಡ 11 ಮಂದಿಗೆ ರೋಗವಿದ್ದರೆ, 3.1 ಕಿಲೋಗ್ರಾಮ್ ಅಥವಾ ಅದಕ್ಕೂ ಮಿಗಿಲಾಗಿದ್ದವರಲ್ಲಿ ಶೇಕಡ 3 ಮಂದಿಗೆ ಮಾತ್ರ ಇತ್ತು. ಶಿಶುವೂ ಸಣ್ಣದು, ಬಸಿರಿನಲ್ಲಿ ತಾಯಿಯ ತೂಕವೂ 45 ಕಿಲೋಗ್ರಾಮಿಗಿಂತ ಕಡಿಮೆ ಎಂಬಂಥವರಲ್ಲಿ ರೋಗ ಶೇಕಡ 20ಕ್ಕೆ ಮುಟ್ಟಿತ್ತು. ತಾಯಿ ಅರೆಹೊಟ್ಟೆ ಉಂಡುದರ ಲೆಕ್ಕ ಮಕ್ಕಳ ರಕ್ತನಾಳಗಳಲ್ಲಿ ಐವತ್ತು ವರ್ಷಗಳ ಅನಂತರ ಕಾಣಿಸಿಕೊಂಡಿತೆಂಬುದು ಇದರ ಸೂಚನೆ.

ಅದೇ ಆಸ್ಪತ್ರೆಯಲ್ಲಿ 1997ರಿಂದೀಚೆಗೆ ‘ಪಾರ್ಥಿನಾನ್’ ಎಂಬ ಮತ್ತೊಂದು ಅಧ್ಯಯನ ನಡೆದು, ಬಸುರಿಯರ ಸಕ್ಕರೆಯನ್ನು ಅಳೆದು, ತಾಯಿ ಮಕ್ಕಳಿಬ್ಬರನ್ನೂ ವರ್ಷಾನುಗಟ್ಟಲೆ ಗಮನಿಸಲಾಯಿತು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಸಂಖ್ಯೆ ಚಿಕ್ಕದೇ. ಆದರೆ ಐದು ವರ್ಷಗಳೊಳಗೆ ಅವರಲ್ಲಿ ಶೇಕಡ 37 ಮಂದಿಗೆ ಕಾಯಂ ಸಕ್ಕರೆ ಕಾಯಿಲೆ ಬಂದಿತ್ತು. ಉಳಿದ ತಾಯಂದಿರಲ್ಲಿ ಶೇಕಡ 2 ಮಂದಿಗೆ ಮಾತ್ರ.

ಈ ಅಂಕಿಗಳು ಇಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೂ ಸಂಬಂಧಿಸಿದವು. ಭಾರತೀಯ ಮೂಲದ ಬಸುರಿಯರಲ್ಲಿ ಈ ಸಕ್ಕರೆ ಕಾಯಿಲೆ ಇತರರಿಗಿಂತ ಹೆಚ್ಚೆಂಬುದು ಸಿಡ್ನಿ, ಮೆಲ್ಬರ್ನ್‌ಗಳ ಹೆರಿಗೆ ವಾರ್ಡುಗಳಲ್ಲಿ ದುಡಿದವರಿಗೆಲ್ಲ ಗೊತ್ತು. ಸಿಡ್ನಿಯವರು ಮಗುವಿನ ನೀಲಿ ಪುಸ್ತಕವನ್ನೂ, ಮೆಲ್ಬರ್ನಿನವರು ಹಸಿರು ಪುಸ್ತಕವನ್ನೂ ಎಷ್ಟು ಜೋಪಾನವಾಗಿ ಇರಿಸಿಕೊಳ್ಳುತ್ತಾರೆ! ಚುಚ್ಚುಮದ್ದಿನ ಒಂದು ದಿನಾಂಕವೂ ತಪ್ಪುವುದಿಲ್ಲ. ಆದರೆ ತಾಯಿಯ ಒತ್ತಡ ಎಷ್ಟಿತ್ತು, ಸಕ್ಕರೆ ಎಷ್ಟಿತ್ತು ಎಂದು ಹತ್ತು ವರ್ಷಗಳ ಬಳಿಕ ಕೇಳಿದರೆ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ದಯವಿಟ್ಟು ಆ ವಿವರವನ್ನು ಬರೆದಿಡಿ. ಹೆರಿಗೆಯಾದ 6ರಿಂದ 12 ವಾರಗಳಲ್ಲಿ ಸಕ್ಕರೆಯ ಪರೀಕ್ಷೆ ಮಾಡಿಸಿ, ಆಮೇಲೆಯೂ ವೈದ್ಯರು ಹೇಳಿದ ಅವಧಿಗೆ ಮರುಪರೀಕ್ಷೆ ಮಾಡಿಸಿಕೊಳ್ಳಿ. ಹೊಸ ವೈದ್ಯರ ಬಳಿಗೆ ಹೋದಾಗ, ಅವರು ಕೇಳದಿದ್ದರೂ ನೀವಾಗಿಯೇ ಹೇಳಿ.

ಮುಟ್ಟು ನಿಂತ ಬಳಿಕ

ಮುಟ್ಟು ನಿಂತೊಡನೆ ಈಸ್ಟ್ರೊಜೆನ್ನಿನ ಕಾವಲು ತೆರವಾಗುತ್ತದೆ. ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಕೊಬ್ಬು ಸೊಂಟದಿಂದ ಹೊಟ್ಟೆಯ ಕಡೆಗೆ ಸರಿಯುತ್ತದೆ, ನಾಳಗಳು ಬಿರುಸಾಗುತ್ತವೆ. 45ಕ್ಕಿಂತ ಮೊದಲೇ ಮುಟ್ಟು ನಿಂತವರಲ್ಲಿ ಈ ಅಪಾಯ ಇನ್ನೂ ಬೇಗ ಬರುತ್ತದೆ. ಹಾಗಾದರೆ ಹಾರ್ಮೋನಿನ ಮಾತ್ರೆ ಕೊಟ್ಟು ಕಾವಲನ್ನು ಮುಂದುವರಿಸಬಹುದಲ್ಲ ಎಂಬ ಯೋಚನೆ ಸಹಜ. ಬಹಳ ಕಾಲ ವೈದ್ಯರೂ ಹಾಗೆಯೇ ತಿಳಿದಿದ್ದರು. 16,608 ಮಹಿಳೆಯರು ಭಾಗವಹಿಸಿದ್ದ ಅಮೆರಿಕದ ದೊಡ್ಡ ಪರೀಕ್ಷೆಯನ್ನು 2002ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಹೃದಯಾಘಾತ ಕಡಿಮೆಯಾಗುವುದರ ಬದಲು ಹೆಚ್ಚಾಗಿತ್ತು. ಇಂದಿನ ಅಭಿಪ್ರಾಯ ಹೀಗಿದೆ: ಮೈಬಿಸಿ, ಬೆವರು, ನಿದ್ರಾಭಂಗಗಳಿಂದ ಬಳಲುವವರು, ಮುಟ್ಟು ನಿಂತು ಬಹಳ ವರ್ಷಗಳಾಗಿರದಿದ್ದರೆ, ವೈದ್ಯರೊಡನೆ ಚರ್ಚಿಸಿ ಈ ಚಿಕಿತ್ಸೆ ಪಡೆಯಬಹುದು. ಕೇವಲ ಹೃದಯವನ್ನು ಕಾಪಾಡುವ ಉದ್ದೇಶದಿಂದ ಅದನ್ನು ತೆಗೆದುಕೊಳ್ಳತಕ್ಕದ್ದಲ್ಲ.

ಈ ದೇಶದ ಆಸ್ಪತ್ರೆಗಳಲ್ಲಿ

ಮುಂದುವರಿದ ದೇಶದಲ್ಲಿದ್ದೇವೆ, ಇಲ್ಲಿ ಇಂಥ ತಾರತಮ್ಯವಿರಲಾರದೆಂದು ತಿಳಿಯಬೇಡಿ. 2009ರಿಂದ 2016ರವರೆಗೆ ಆಸ್ಟ್ರೇಲಿಯಾದ 41 ಆಸ್ಪತ್ರೆಗಳಲ್ಲಿ ದಾಖಲಾದ, ತೀವ್ರ ಬಗೆಯ ಹೃದಯಾಘಾತದ 2,898 ರೋಗಿಗಳ ವಿವರಗಳನ್ನು ಸಿಡ್ನಿ ವಿಶ್ವವಿದ್ಯಾನಿಲಯದ ಕ್ಲಾರಾ ಚೌ ಮತ್ತು ಸಂಗಡಿಗರು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದರು. ಮುಚ್ಚಿದ ಧಮನಿಯನ್ನು ಸಕಾಲದಲ್ಲಿ ತೆರೆಯುವ ಚಿಕಿತ್ಸೆ ಮಹಿಳೆಯರಿಗೆ ಪುರುಷರಿಗಿಂತ ಕಡಿಮೆ ದೊರೆತಿತ್ತು. ಆರು ತಿಂಗಳೊಳಗೆ ತೀರಿಕೊಂಡವರ ಪ್ರಮಾಣ ಮಹಿಳೆಯರಲ್ಲಿ ಎರಡು ಪಟ್ಟಿಗೂ ಹೆಚ್ಚು. ವಿಕ್ಟೋರಿಯಾದಲ್ಲಿ 2015ರಿಂದ 2019ರವರೆಗೆ ಎದೆನೋವಿಗೆಂದು ಆಂಬ್ಯುಲೆನ್ಸ್ ಧಾವಿಸಿದ ಎರಡೂವರೆ ಲಕ್ಷಕ್ಕೂ ಹೆಚ್ಚು ಪ್ರಸಂಗಗಳನ್ನು ಪರಿಶೀಲಿಸಿದಾಗಲೂ, ಆಸ್ಪಿರಿನ್, ನೋವುನಿವಾರಕಗಳು ದೊರೆಯುವುದರಲ್ಲಿ ಮಹಿಳೆಯರು ಹಿಂದೆ ಬಿದ್ದಿದ್ದರು.

ತಪ್ಪು ಒಂದು ಕಡೆಯದೇ ಅಲ್ಲ. ನೋಡುವವರು ಹೃದಯಾಘಾತವಿರಲಾರದೆಂದು ತಿಳಿಯುತ್ತಾರೆ; ನೋವುಣ್ಣುವವರೂ ಹಾಗೆಯೇ ತಿಳಿದು ತಡವಾಗಿ ಬರುತ್ತಾರೆ. ‘ಮಗಳ ಎಚ್.ಎಸ್.ಸಿ. ಮುಗಿಯಲಿ ಅಂತ ಸುಮ್ಮನಿದ್ದೆ ಡಾಕ್ಟ್ರೇ’ ಎಂಬ ಮಾತನ್ನು ನಾನು ಒಬ್ಬರಿಂದಲ್ಲ, ಹಲವರಿಂದ ಕೇಳಿದ್ದೇನೆ. ಮೊದಲನೆಯ ದೋಷವನ್ನು ತಿದ್ದುವುದು ನಮ್ಮ ವೃತ್ತಿಯವರ ಹೊಣೆ. ಎರಡನೆಯದನ್ನು ತಿದ್ದುವುದು ನಿಮ್ಮ ಮನೆಗಳಲ್ಲಿ ಆಗಬೇಕಾದ ಕೆಲಸ.

ಲಕ್ಷಣಗಳು ಮತ್ತು ಮೊದಲ ಗಳಿಗೆ

ಎದೆಯಲ್ಲಿ ನೋವು, ಬಿಗಿತ, ಭಾರ ಇವು ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಅತಿ ಸಾಮಾನ್ಯವಾದ ಲಕ್ಷಣಗಳು. ಹೆಂಗಸರಿಗೆ ಎದೆನೋವು ಬರುವುದೇ ಇಲ್ಲವೆಂಬ ಹೊಸ ತಪ್ಪು ಕಲ್ಪನೆ ಬೇಡ. ಆದರೆ ಹೆಂಗಸರಲ್ಲಿ ಅದರ ಜೊತೆಗೆ, ಕೆಲವೊಮ್ಮೆ ಅದರ ಬದಲಾಗಿ, ಏದುಸಿರು, ವಾಕರಿಕೆ, ದವಡೆ ಅಥವಾ ಕತ್ತಿನ ನೋವು, ಎರಡು ಹೆಗಲುಗಳ ನಡುವೆ ಬೆನ್ನು ನೋವು, ತಣ್ಣನೆಯ ಬೆವರು, ಹಿಂದೆಂದೂ ಕಾಣದಂಥ ನಿತ್ರಾಣ ಹೆಚ್ಚಾಗಿ ಕಾಣುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ನೋವು ಮಂದವಾಗಿರಬಹುದು.

ಇಂಥ ಲಕ್ಷಣಗಳು ತೀವ್ರವಾಗಿದ್ದರೆ, ಹೆಚ್ಚುತ್ತಿದ್ದರೆ, ಅಥವಾ ಹತ್ತು ನಿಮಿಷ ವಿಶ್ರಮಿಸಿದರೂ ಹೋಗದಿದ್ದರೆ ಕೂಡಲೇ 000ಕ್ಕೆ ಕರೆ ಮಾಡಿ. ಕಾರಿನಲ್ಲಿ ಕೂರಿಸಿಕೊಂಡು ಹೊರಡಬೇಡಿ. ದಾರಿಯಲ್ಲಿ ಹೃದಯ ನಿಂತರೆ ಕಾರಿನಲ್ಲಿ ಉಪಕರಣವಿರುವುದಿಲ್ಲ, ಆಂಬ್ಯುಲೆನ್ಸಿನಲ್ಲಿರುತ್ತದೆ. ಆಸ್ಪಿರಿನ್ ಕೊಡಬೇಕೆ ಬೇಡವೆ ಎಂಬುದನ್ನು ಕರೆ ಸ್ವೀಕರಿಸಿದವರು ಹೇಳುತ್ತಾರೆ.

ಊರಿನಿಂದ ಬಂದಿರುವ ತಂದೆತಾಯಿಯರ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಸಂದರ್ಶಕರ ವೀಸಾದಲ್ಲಿ ಬಂದವರಿಗೆ ಮೆಡಿಕೇರ್ ಇಲ್ಲವೆಂಬುದು ಅವರಿಗೂ ತಿಳಿದಿರುತ್ತದೆ. ‘ಡಾಲರಿನಲ್ಲಿ ಎಷ್ಟಾಗುತ್ತದೋ, ಮಗನಿಗೇಕೆ ಭಾರ’ ಎಂದು ರಾತ್ರಿಯಿಡೀ ನೋವು ನುಂಗಿಕೊಂಡು ಕೂತ ತಾಯಂದಿರಿದ್ದಾರೆ. ಅವರು ಬರುವ ಮೊದಲೇ ವಿಮೆ ಮಾಡಿಸಿ. ಈಗಾಗಲೇ ಇರುವ ಕಾಯಿಲೆಗಳಿಗೆ ಅದು ಅನ್ವಯಿಸುವುದೋ ಇಲ್ಲವೋ ಓದಿ ನೋಡಿ. ಬಂದ ಮೊದಲ ವಾರದಲ್ಲಿಯೇ, ‘ಅಮ್ಮ, ಏನಾದರೂ ಆದರೆ ಮಧ್ಯರಾತ್ರಿಯಾದರೂ ಎಬ್ಬಿಸು, ಖರ್ಚಿನ ಯೋಚನೆ ಮಾಡಬೇಡ’ ಎಂದು ಬಾಯಿಬಿಟ್ಟು ಹೇಳಿ. 000 ಸಂಖ್ಯೆಯನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ನಮ್ಮಲ್ಲಿಯೂ ಅನೇಕರಿಗೆ ತಿಳಿಯದ ಸಂಗತಿಯೆಂದರೆ, ಆಂಬ್ಯುಲೆನ್ಸಿನ ವೆಚ್ಚವನ್ನು ಮೆಡಿಕೇರ್ ಭರಿಸುವುದಿಲ್ಲ. ಆ ರಕ್ಷಣೆಯನ್ನು ಪ್ರತ್ಯೇಕವಾಗಿ ಮಾಡಿಸಿಕೊಂಡಿರಬೇಕು.

ನಾವು ಮಾಡಬೇಕಾದುದು

ಆಸ್ಟ್ರೇಲಿಯಾದಲ್ಲಿ 2023ರಲ್ಲಿ ಹೊಸ ಮಾರ್ಗಸೂಚಿ ಬಂದಿದೆ. 45ರಿಂದ 79ರ ವಯಸ್ಸಿನವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ 35ರಿಂದಲೇ, ಮುಂದಿನ ಐದು ವರ್ಷಗಳಲ್ಲಿ ಹೃದಯ ಅಥವಾ ರಕ್ತನಾಳಗಳ ರೋಗ ಬರುವ ಸಂಭವವನ್ನು ಲೆಕ್ಕ ಹಾಕುವ ವಿಧಾನವನ್ನು ಅದು ಒದಗಿಸಿದೆ. ಶೇಕಡ 10 ಮತ್ತು ಅದಕ್ಕೆ ಮೇಲ್ಪಟ್ಟರೆ ಹೆಚ್ಚು ಅಪಾಯ. 5ರಿಂದ 10ರೊಳಗೆ ಮಧ್ಯಮ. ಲೆಕ್ಕದ ಅನಂತರ, ರೋಗಿ ಭಾರತೀಯ ಮೂಲದವರಾಗಿದ್ದರೆ ಅಪಾಯವನ್ನು ಒಂದು ಮೆಟ್ಟಿಲು ಮೇಲೆ ಪರಿಗಣಿಸಬಹುದೆಂದೂ ಮಾರ್ಗಸೂಚಿ ಹೇಳುತ್ತದೆ. ಇದನ್ನು ನಿಮ್ಮ ಜಿ.ಪಿ.ಗೆ ನೆನಪಿಸಿ. ಇಂಗ್ಲಿಷಿನಲ್ಲಿ ವಿವರಿಸಲು ಕಷ್ಟಪಡುವ ಹಿರಿಯರಿಗಾಗಿ 131 450 ಸಂಖ್ಯೆಯ ದುಭಾಷಿ ಸೇವೆಯ ಮೂಲಕ ಕನ್ನಡ ಬಲ್ಲವರನ್ನು ಕೇಳಬಹುದು. ಮಗನ ಮುಂದೆ ಮುಟ್ಟು, ಬಸಿರುಗಳ ವಿಷಯ ಹೇಳಲು ತಾಯಿ ಸಂಕೋಚಪಡುವುದು ಸಹಜವಾದ್ದರಿಂದ ಇದು ಮುಖ್ಯ.

ಮನೆಯಲ್ಲಿ ಒಂದು ಅಳತೆಪಟ್ಟಿ ಸಾಕು. ನಮ್ಮ ಜನಾಂಗದಲ್ಲಿ ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಮೀರಬಾರದು. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ ಬೇಕು. ಮನೆಗೆಲಸದಲ್ಲಿ ಓಡಾಡಿದ್ದು ಅದಕ್ಕೆ ಸಮನಾಗದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ನಿತ್ಯದ ಎಲೆಯಿಂದ ಹಬ್ಬದ ಎಲೆಗೆ ಸರಿಯಲಿ. ಸೊಪ್ಪಿನ ಸಾರು, ಹುರುಳಿ, ಕೋಸಂಬರಿಗಳು ಹಬ್ಬದ ಎಲೆಯಿಂದ ನಿತ್ಯದ ಎಲೆಗೆ ಬರಲಿ. ಎಲ್ಲರೂ ಉಂಡ ಮೇಲೆ ಮಿಕ್ಕುದನ್ನು ಚೆಲ್ಲಬಾರದೆಂದು ತಾಯಿ ಕೊನೆಯಲ್ಲಿ ಒಬ್ಬಳೇ ಉಣ್ಣುವ ಪದ್ಧತಿ ಈ ದೇಶದಲ್ಲಾದರೂ ನಿಲ್ಲಲಿ. ಎಲ್ಲರೂ ಒಟ್ಟಿಗೆ ಕೂತು ಉಣ್ಣಿರಿ.

ಕೊನೆಯದಾಗಿ ಒಂದು ಬಿನ್ನಹ. ಹೆಣ್ಣಿನ ಹೃದಯ ಗಂಡಿನ ಹೃದಯದ ತಡವಾದ ಪ್ರತಿಯಲ್ಲ. ಅದಕ್ಕೆ ತನ್ನದೇ ಆದ ಕಾವಲಿದೆ, ತನ್ನದೇ ಆದ ದೌರ್ಬಲ್ಯವಿದೆ, ಎಚ್ಚರಿಕೆ ಕೊಡುವ ತನ್ನದೇ ಆದ ಕ್ರಮವಿದೆ. ಈ ವಾರ ಮನೆಯ ಪ್ರತಿಯೊಬ್ಬ ಹೆಣ್ಣುಮಗಳ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಬಸಿರಿನ ಕಾಲದ ತೊಂದರೆ ಮತ್ತು ಮುಟ್ಟು ನಿಂತ ವಯಸ್ಸು, ಈ ಐದನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಖಾಲಿ ಉಳಿದ ಜಾಗವೇ ನೀವು ವೈದ್ಯರನ್ನು ಕಾಣಬೇಕಾದ ಕಾರಣ. ಗಂಡಂದಿರು ತಮ್ಮ ಹಾಳೆಯನ್ನೂ ಪಕ್ಕದಲ್ಲಿಯೇ ಇರಿಸಿಕೊಳ್ಳಲಿ.